ಟವರಿನ ಮೇಲಿನ ರೇಡಿಯೋ ಸಂಜೆ ಹೊತ್ತಿಗೇ ಏಕೆ ಮರುಚಾಲನೆಗೊಳ್ಳುತ್ತದೆ?

ಪ್ರಶ್ನೆ: ಬೆಂಗಳೂರಿನ ಹೆಸರಘಟ್ಟದ ಕಡೆ ನಾವು ಸಣ್ಣ ಪ್ರಮಾಣದಲ್ಲಿ ಇಂಟರ್‌ನೆಟ್ ಸಂಪರ್ಕ ಕೊಡುತ್ತಿದ್ದೇವೆ. ನಮ್ಮದೇ 45 ಮೀಟರ್ ಎತ್ತರದ ಟವರಿನ ಮೇಲೆ ಮನೆಗಳಿಗೆ ಇಂಟರ್‌ನೆಟ್ ಪ್ರಸಾರ ಮಾಡುವ ಮೂರು ರೇಡಿಯೋಗಳಿವೆ. ಉಪಕರಣಗಳ ಕೋಣೆ ಟವರಿನಿಂದ ದೂರವಿರುವುದರಿಂದ ಪ್ರತಿ ರೇಡಿಯೋಗೂ ಸುಮಾರು 90 ಮೀಟರ್ ಕ್ಯಾಟ್ 5ಇ ನೆಟ್‌ವರ್ಕ್ ಕೇಬಲ್ ಹೋಗಿದೆ. 24 ವೋಲ್ಟ್, 1 ಆಂಪಿಯರ್ ಅಡಾಪ್ಟರಿನ ಮೂಲಕ ಅದೇ ಕೇಬಲ್ಲಿನಲ್ಲಿ ವಿದ್ಯುತ್ ಕಳುಹಿಸುತ್ತೇವೆ. ಸಂಜೆ ಏಳರಿಂದ ಹನ್ನೊಂದರವರೆಗೆ ಬಳಕೆ ಹೆಚ್ಚಾದಾಗ ಒಂದು ರೇಡಿಯೋ ಪದೇ ಪದೇ ಮರುಚಾಲನೆಗೊಳ್ಳುತ್ತದೆ. ರೇಡಿಯೋ ಬದಲಾಯಿಸಿದರೂ ಪ್ರಯೋಜನವಾಗಲಿಲ್ಲ. ಮೇಲೆ ಹತ್ತಿ ಕೇಬಲ್ಲಿನ ತುದಿಯಲ್ಲಿ ಮಲ್ಟಿಮೀಟರ್ ಇಟ್ಟು ನೋಡಿದರೆ 23.9 ವೋಲ್ಟ್ ಇದೆ, ಅಂದರೆ ಕೇಬಲ್ ಸರಿಯಾಗಿದೆ. ದಪ್ಪ ಕೇಬಲ್ ಹಾಕಬೇಕೋ, 48 ವೋಲ್ಟಿಗೆ ಹೋಗಬೇಕೋ, ಒಂದೇ ಕೇಬಲ್ ಎಳೆದು ಅದನ್ನು ಮೂರೂ ರೇಡಿಯೋಗಳಿಗೆ ಹಂಚಲು ಮೇಲೊಂದು ನೆಟ್‌ವರ್ಕ್ ಸ್ವಿಚ್ ಕೂರಿಸಬೇಕೋ ತಿಳಿಯುತ್ತಿಲ್ಲ. ರೇಡಿಯೋದ ಗರಿಷ್ಠ ಬಳಕೆ 16 ವ್ಯಾಟ್ ಎಂದು ಅದರ ಕೈಪಿಡಿಯಲ್ಲಿದೆ.

ಉತ್ತರ: ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಂಖ್ಯೆ 23.9 ವೋಲ್ಟ್. ನಿಮ್ಮನ್ನು ದಾರಿ ತಪ್ಪಿಸಿರುವುದೂ ಅದೇ. ಮಲ್ಟಿಮೀಟರ್ ವೋಲ್ಟೇಜ್ ಅಳೆಯುವಾಗ ಕೇಬಲ್ಲಿನಿಂದ ಕರೆಂಟನ್ನು ಎಳೆಯುವುದೇ ಇಲ್ಲವೆನ್ನಬಹುದು. ಕರೆಂಟ್ ಹರಿಯದಿದ್ದರೆ ತಂತಿಯ ರೋಧದಲ್ಲಿ ವೋಲ್ಟೇಜ್ ಕುಸಿಯುವ ಪ್ರಶ್ನೆಯೇ ಇಲ್ಲ. ಹಾಗಾಗಿ ಕೇಬಲ್ ಎಷ್ಟೇ ತೆಳುವಾಗಿದ್ದರೂ, ಕೊಂಡಿ ಅರ್ಧ ತುಕ್ಕು ಹಿಡಿದಿದ್ದರೂ ಮೀಟರಿನಲ್ಲಿ ಕೆಳಗಿನ ವೋಲ್ಟೇಜೇ ಕಾಣಿಸುತ್ತದೆ. ಎಲ್ಲೂ ತಂತಿ ತುಂಡಾಗಿಲ್ಲ ಎಂಬುದನ್ನು ಮಾತ್ರ ಆ ಅಳತೆ ಹೇಳುತ್ತದೆ. ರೇಡಿಯೋ ಪೂರ್ಣ ಕೆಲಸದಲ್ಲಿರುವಾಗ ಮೇಲೆ ಎಷ್ಟು ವೋಲ್ಟ್ ಉಳಿಯುತ್ತದೆ ಎಂಬುದನ್ನು ಅದರಿಂದ ತಿಳಿಯಲಾಗದು. ನಿಮ್ಮ ತೊಂದರೆ ಇರುವುದು ಅಲ್ಲಿಯೇ.

ಮೊದಲು ಲೆಕ್ಕ ನೋಡೋಣ. ಕ್ಯಾಟ್ 5ಇ ಕೇಬಲ್ಲಿನೊಳಗೆ ಎಂಟು ಎಳೆಗಳು ನಾಲ್ಕು ಜೋಡಿಗಳಾಗಿರುತ್ತವೆ. ಎಳೆ ಸಾಮಾನ್ಯವಾಗಿ 24 ಗೇಜಿನದು (ಗೇಜ್ ಸಂಖ್ಯೆ ಕಡಿಮೆಯಾದಷ್ಟೂ ಎಳೆ ದಪ್ಪ). ಶುದ್ಧ ತಾಮ್ರದ್ದಾದರೆ, 20 ಡಿಗ್ರಿ ಉಷ್ಣತೆಯಲ್ಲಿ ಅಂಥ ಒಂದು ಎಳೆಯ ರೋಧ 100 ಮೀಟರಿಗೆ ಸುಮಾರು 8.4 ಓಮ್. 24 ವೋಲ್ಟಿನ ಸಾದಾ ಇಂಜೆಕ್ಟರುಗಳು, ಅಂದರೆ ಅಡಾಪ್ಟರಿನ ವಿದ್ಯುತ್ತನ್ನು ನೆಟ್‌ವರ್ಕ್ ಕೇಬಲ್ಲಿಗೆ ಸೇರಿಸುವ ಪೆಟ್ಟಿಗೆಗಳು, 4 ಮತ್ತು 5ನೆಯ ಎಳೆಗಳನ್ನು ಸೇರಿಸಿ ಧನ ತುದಿಗೂ, 7 ಮತ್ತು 8ನೆಯ ಎಳೆಗಳನ್ನು ಸೇರಿಸಿ ಋಣ ತುದಿಗೂ ಬಳಸುತ್ತವೆ. ಹೋಗುವಾಗ ಎರಡು ಎಳೆ ಸಮಾಂತರವಾಗಿ, ಬರುವಾಗ ಎರಡು ಎಳೆ ಸಮಾಂತರವಾಗಿ ಇರುವುದರಿಂದ ಹೋಗಿಬರುವ ದಾರಿಯ ಒಟ್ಟು ರೋಧವೂ 100 ಮೀಟರಿಗೆ 8.4 ಓಮ್ ಆಗುತ್ತದೆ. ನಿಮ್ಮ 90 ಮೀಟರಿಗೆ ಅದು 7.6 ಓಮ್.

ಈ 7.6 ಓಮ್ ನೋಡುವುದಕ್ಕೆ ಚಿಕ್ಕದು. ಆದರೆ ರೇಡಿಯೋ ಒಂದು ಬಲ್ಬಿನಂತೆ ವರ್ತಿಸುವುದಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ವೋಲ್ಟೇಜ್ ಇಳಿದರೆ ಬಲ್ಬು ಮಂಕಾಗಿ ಕಡಿಮೆ ಕರೆಂಟ್ ತೆಗೆದುಕೊಳ್ಳುತ್ತದೆ. ರೇಡಿಯೋದೊಳಗೆ, ಬಂದ ವೋಲ್ಟೇಜನ್ನು ಅದರ ಚಿಪ್ಪುಗಳಿಗೆ ಬೇಕಾದ ಸಣ್ಣ ವೋಲ್ಟೇಜಿಗೆ ಇಳಿಸುವ ಪರಿವರ್ತಕವಿದೆ; ಅದಕ್ಕೆ ಬೇಕಾದದ್ದು ಇಂತಿಷ್ಟು ವ್ಯಾಟ್. ಒಳಬರುವ ವೋಲ್ಟೇಜ್ ಕಡಿಮೆಯಾದಷ್ಟೂ ಆ ವ್ಯಾಟನ್ನು ತುಂಬಿಸಲು ಅದು ಹೆಚ್ಚು ಕರೆಂಟ್ ಎಳೆಯುತ್ತದೆ. ಹೆಚ್ಚು ಕರೆಂಟ್ ಎಳೆದಷ್ಟೂ ಕೇಬಲ್ಲಿನಲ್ಲಿ ವೋಲ್ಟೇಜ್ ಇನ್ನಷ್ಟು ಕುಸಿಯುತ್ತದೆ. ಒಂದು ಮಿತಿಯವರೆಗೆ ಈ ಎಳೆದಾಟ ಸಮತೋಲಕ್ಕೆ ಬಂದು ನಿಲ್ಲುತ್ತದೆ, ಮಿತಿ ಮೀರಿದರೆ ನಿಲ್ಲುವುದಿಲ್ಲ. ವೋಲ್ಟೇಜ್ ಒಮ್ಮೆಲೇ ಕುಸಿದು ರೇಡಿಯೋ ಆರಿಹೋಗುತ್ತದೆ, ಬಳಕೆ ಸೊನ್ನೆಯಾದ ಕೂಡಲೇ ಪೂರ್ಣ ವೋಲ್ಟೇಜ್ ಮರಳಿ ಬಂದು ಅದು ಹೊಸದಾಗಿ ಚಾಲೂ ಆಗುತ್ತದೆ. ನೀವು ಕಾಣುತ್ತಿರುವ ಮರುಚಾಲನೆ ಇದೇ.

ಆ ಮಿತಿ ಎಷ್ಟೆಂಬುದನ್ನು ಸುಲಭವಾಗಿ ಕಂಡುಕೊಳ್ಳಬಹುದು. ಕೆಳಗಿನ ವೋಲ್ಟೇಜಿನ ವರ್ಗವನ್ನು ಕೇಬಲ್ ರೋಧದ ನಾಲ್ಕು ಪಟ್ಟಿನಿಂದ ಭಾಗಿಸಿದರೆ ಆ ಕೇಬಲ್ಲಿನ ಮೂಲಕ ಮೇಲೆ ತಲುಪಿಸಲು ಸಾಧ್ಯವಿರುವ ಗರಿಷ್ಠ ವ್ಯಾಟ್ ಸಿಗುತ್ತದೆ. ನಿಮ್ಮಲ್ಲಿ 24ರ ವರ್ಗ 576, ಅದನ್ನು 30.4ರಿಂದ ಭಾಗಿಸಿದರೆ 19 ವ್ಯಾಟಿಗಿಂತ ಕೂದಲೆಳೆಯಷ್ಟು ಕಡಿಮೆ. ಅಡಾಪ್ಟರ್ ಎಷ್ಟೇ ದೊಡ್ಡದಿರಲಿ, 24 ವೋಲ್ಟಿನಲ್ಲಿ ಇದಕ್ಕಿಂತ ಹೆಚ್ಚನ್ನು ಆ ಕೇಬಲ್ ಸಾಗಿಸಲಾರದು. ರೇಡಿಯೋ ಬಿಡುವಾಗಿದ್ದು 12 ವ್ಯಾಟ್ ಬಳಸುತ್ತಿದೆ ಎಂದುಕೊಂಡರೆ ಮೇಲೆ 19.3 ವೋಲ್ಟ್ ಉಳಿಯುತ್ತದೆ, ಕರೆಂಟ್ 0.62 ಆಂಪಿಯರ್, ಕೆಲಸ ಸುಗಮವಾಗಿ ನಡೆಯುತ್ತದೆ. ಸಂಜೆ ಎಲ್ಲರ ಮನೆಯಲ್ಲೂ ವಿಡಿಯೋ ನೋಡತೊಡಗಿದಾಗ ರೇಡಿಯೋ ಬಹುಪಾಲು ಹೊತ್ತು ಪ್ರಸಾರ ಮಾಡುತ್ತಲೇ ಇರುವುದರಿಂದ ಬಳಕೆ 16 ವ್ಯಾಟಿನತ್ತ ಏರುತ್ತದೆ. ಆಗ ಮೇಲೆ ಉಳಿಯುವುದು 16.7 ವೋಲ್ಟ್, ಕರೆಂಟ್ 0.96 ಆಂಪಿಯರ್, ಕೇಬಲ್ಲಿನಲ್ಲೇ ಶಾಖವಾಗಿ ಕಳೆದುಹೋಗುವುದು ಸುಮಾರು 7 ವ್ಯಾಟ್. ನಿಮ್ಮ ಅಡಾಪ್ಟರಿನ ಮಿತಿ 1 ಆಂಪಿಯರ್. ಕೈಪಿಡಿಯ ಪ್ರಕಾರ ನಡೆದರೂ ನೀವು ಅಂಚಿನಲ್ಲೇ ಇದ್ದೀರಿ. ಉಷ್ಣತೆ ಏರಿದಂತೆ ತಾಮ್ರದ ರೋಧ ಪ್ರತಿ ಡಿಗ್ರಿಗೆ ಶೇಕಡಾ 0.4ರಷ್ಟು ಹೆಚ್ಚುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಕಪ್ಪು ಹೊದಿಕೆಯ ಕೇಬಲ್ 50 ಡಿಗ್ರಿಗೆ ಕಾದರೆ 7.6 ಓಮ್ 8.5 ಓಮ್ ಆಗುತ್ತದೆ, ಆಗ 16 ವ್ಯಾಟಿಗೆ ಬೇಕಾಗುವ ಕರೆಂಟ್ 1 ಆಂಪಿಯರನ್ನು ದಾಟುತ್ತದೆ. ಬೇಸಿಗೆಯ ಮಧ್ಯಾಹ್ನಗಳಲ್ಲೂ ಮರುಚಾಲನೆ ಆಗುತ್ತಿದ್ದರೆ ಕಾರಣ ಇದಿರಬಹುದು.

ಮೂರು ರೇಡಿಯೋಗಳಲ್ಲಿ ಒಂದಕ್ಕೆ ಮಾತ್ರ ತೊಂದರೆ ಬರುತ್ತಿರುವುದರಿಂದ, ಆ ಒಂದು ಕೇಬಲ್ಲಿನ ರೋಧ ಉಳಿದೆರಡಕ್ಕಿಂತ ಹೆಚ್ಚಿರುವ ಸಾಧ್ಯತೆಯನ್ನು ಮೊದಲು ಪರೀಕ್ಷಿಸಬೇಕು. ನನ್ನ ಮೊದಲ ಅನುಮಾನ ಕೇಬಲ್ಲಿನ ಲೋಹದ ಮೇಲೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಒಂದೇ ಬಣ್ಣದ, ಹೊರಗೆ ಒಂದೇ ಬಗೆಯ ಅಕ್ಷರಗಳಿರುವ ಎರಡು ಪೆಟ್ಟಿಗೆ ಕೇಬಲ್ ಬೇರೆ ಬೇರೆ ಬೆಲೆಗೆ ಸಿಗುತ್ತವೆ. ಅಗ್ಗದ್ದು ಹಲವು ಬಾರಿ ಸಿಸಿಎ, ಅಂದರೆ ಒಳಗೆ ಅಲ್ಯೂಮಿನಿಯಂ ಇದ್ದು ಮೇಲೆ ತೆಳುವಾದ ತಾಮ್ರದ ಲೇಪವಿರುವ ತಂತಿ. ಮನೆಯೊಳಗೆ ಹತ್ತು ಮೀಟರ್ ದೂರಕ್ಕೆ ದತ್ತಾಂಶವನ್ನಷ್ಟೇ ಕಳುಹಿಸುವವರಿಗೆ ಅದರ ದೋಷ ಕಾಣುವುದಿಲ್ಲ. ವಿದ್ಯುತ್ ಸಾಗಿಸುವಾಗ ಅದರ ರೋಧ ತಾಮ್ರಕ್ಕಿಂತ ಸುಮಾರು ಒಂದೂವರೆ ಪಟ್ಟು, ಕೆಲವು ಕೇಬಲ್ಲುಗಳಲ್ಲಿ ಇನ್ನೂ ಸ್ವಲ್ಪ ಹೆಚ್ಚು. ನಿಮ್ಮ 90 ಮೀಟರಿಗೆ 11.8 ಓಮ್ ಎಂದು ಹಿಡಿದರೆ ಮೇಲೆ ತಲುಪಬಹುದಾದ ಗರಿಷ್ಠ ಶಕ್ತಿ 12 ವ್ಯಾಟಿನ ಆಸುಪಾಸಿಗೆ ಇಳಿಯುತ್ತದೆ. ಅಂಥ ಕೇಬಲ್ಲಿನಲ್ಲಿ 16 ವ್ಯಾಟ್ ರೇಡಿಯೋ ಹಗಲಲ್ಲಿ ನಡೆದು ಸಂಜೆ ಬೀಳುವುದು ಅನಿವಾರ್ಯ. ಅದಲ್ಲದೆ ಅಲ್ಯೂಮಿನಿಯಂ ಎಳೆ ಬಾಗಿಸಿದಲ್ಲಿ ಬೇಗ ಮುರಿಯುತ್ತದೆ, ತೇವ ತಗುಲಿದ ಕೊಂಡಿಯಲ್ಲಿ ಬೇಗ ಕೆಡುತ್ತದೆ. ಟವರಿಗೆ ಸಿಸಿಎ ಕೇಬಲ್ಲನ್ನು ಯಾವ ಕಾರಣಕ್ಕೂ ಬಳಸಬಾರದು ಎಂಬುದು ನನ್ನ ಖಚಿತವಾದ ಅಭಿಪ್ರಾಯ.

ಪರೀಕ್ಷೆ ಸರಳ. ಇಂಜೆಕ್ಟರ್ ಆರಿಸಿ, ಎರಡೂ ತುದಿಗಳನ್ನು ಕಳಚಿ, ಮೇಲಿನ ತುದಿಯಲ್ಲಿ ನೀಲಿ ಮತ್ತು ನೀಲಿ-ಬಿಳಿ ಎಳೆಗಳನ್ನು (4 ಮತ್ತು 5ನೆಯವು) ಒಂದಕ್ಕೊಂದು ಸೇರಿಸಿ, ಕೆಳಗಿನಿಂದ ಆ ಜೋಡಿಯ ರೋಧ ಅಳೆಯಿರಿ. ಅಳೆಯುವ ಮುನ್ನ ಮೀಟರಿನ ಎರಡು ಕಡ್ಡಿಗಳನ್ನು ತಾಗಿಸಿ ಬರುವ ಓದನ್ನು ಗುರುತಿಸಿಕೊಂಡು ಕೊನೆಯಲ್ಲಿ ಕಳೆಯಬೇಕು. 90 ಮೀಟರ್ ಒಳ್ಳೆಯ ತಾಮ್ರದ ಒಂದು ಜೋಡಿಗೆ ಸುಮಾರು 15 ಓಮ್ ಬರಬೇಕು. 23 ಓಮಿನ ಹತ್ತಿರ ಬಂದರೆ ಅದು ಸಿಸಿಎ ಕೇಬಲ್. ಕಂದು ಜೋಡಿಗೂ (7 ಮತ್ತು 8ನೆಯವು) ಇದೇ ಪರೀಕ್ಷೆ ಮಾಡಿ. ಎರಡು ಜೋಡಿಗಳ ಅಳತೆ ಪರಸ್ಪರ ತುಂಬ ಭಿನ್ನವಾಗಿದ್ದರೆ ದೋಷ ಲೋಹದ್ದಲ್ಲ, ಎಲ್ಲೋ ಒಂದು ಕೊಂಡಿಯದು ಅಥವಾ ಅರೆಮುರಿದ ಎಳೆಯದು. ಉಳಿದ ತುಂಡು ಕೇಬಲ್ ಕೋಣೆಯಲ್ಲಿದ್ದರೆ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ: ಒಳಗೆ ಬೆಳ್ಳಿಯ ಬಣ್ಣ ಕಂಡರೆ ಅಲ್ಲಿಗೆ ಅನುಮಾನ ಮುಗಿಯಿತು. ತವರದ ಲೇಪವಿರುವ ತಾಮ್ರವೂ ಹೊರಗೆ ಬೆಳ್ಳಗಿರುತ್ತದೆ, ಆದ್ದರಿಂದ ಮೇಲ್ಮೈಯನ್ನಲ್ಲ, ಕೆರೆದ ಒಳಭಾಗವನ್ನು ನೋಡಬೇಕು.

ನಿಜವಾದ ಭಾರದಲ್ಲಿ ಅಳೆಯಬೇಕೆಂದರೆ 33 ಓಮಿನ, 25 ವ್ಯಾಟ್ ತಡೆಯುವ ತಂತಿ ಸುತ್ತಿದ ರೆಸಿಸ್ಟರ್ ಒಂದನ್ನು ಕೊಂಡುಕೊಳ್ಳಿ. ಮೇಲಿನ ತುದಿಯಲ್ಲಿ ರೇಡಿಯೋದ ಜಾಗದಲ್ಲಿ ಅದನ್ನು ಜೋಡಿಸಿ ಅದರ ಎರಡು ತುದಿಗಳ ನಡುವೆ ವೋಲ್ಟೇಜ್ ಅಳೆದರೆ, ತಾಮ್ರದ ಕೇಬಲ್ಲಿನಲ್ಲಿ ಸುಮಾರು 19.5, ಸಿಸಿಎ ಕೇಬಲ್ಲಿನಲ್ಲಿ 17.7 ವೋಲ್ಟ್ ಕಾಣಬೇಕು. ರೆಸಿಸ್ಟರ್ ಕ್ಷಣಗಳಲ್ಲೇ ಕೈ ಸುಡುವಷ್ಟು ಬಿಸಿಯಾಗುತ್ತದೆ. ಟವರಿನ ಮೇಲೆ ಕೈ ಜಾರುವುದಕ್ಕೆ ಅಷ್ಟು ಸಾಕು. ಅದನ್ನು ಬರಿಗೈಯಲ್ಲಿ ಹಿಡಿಯದೆ ಮೊದಲೇ ಒಂದು ಪಟ್ಟಿಗೆ ಬಿಗಿದುಕೊಂಡು ಹೋಗಿ.

ಈಗ ಪರಿಹಾರಕ್ಕೆ ಬರೋಣ. ದಪ್ಪ ಕೇಬಲ್ ಮತ್ತು 48 ವೋಲ್ಟ್ ಎಂಬ ಎರಡರಲ್ಲಿ ನಾನು ವೋಲ್ಟೇಜನ್ನೇ ಆರಿಸುತ್ತೇನೆ. ಒಂದೇ ವ್ಯಾಟಿಗೆ ವೋಲ್ಟೇಜ್ ಎರಡು ಪಟ್ಟಾದರೆ ಕರೆಂಟ್ ಅರ್ಧವಾಗುತ್ತದೆ, ನಷ್ಟವು ಕರೆಂಟಿನ ವರ್ಗವನ್ನು ಅನುಸರಿಸುವುದರಿಂದ ಕಾಲು ಭಾಗಕ್ಕೂ ಕೆಳಗೆ ಇಳಿಯುತ್ತದೆ. 23 ಗೇಜಿನ ಕ್ಯಾಟ್ 6 ತಾಮ್ರದ ಕೇಬಲ್ಲಿಗೆ ಬದಲಾಯಿಸಿದರೆ ನಿಮ್ಮ ದಾರಿಯ ರೋಧ 7.6ರಿಂದ 6 ಓಮಿಗೆ ಇಳಿದು, 16 ವ್ಯಾಟಿನಲ್ಲಿ ಮೇಲೆ 18.9 ವೋಲ್ಟ್ ಉಳಿಯುತ್ತದೆ, ನಷ್ಟ 4.3 ವ್ಯಾಟ್. ಸುಧಾರಣೆ ಹೌದು, ಆದರೆ 90 ಮೀಟರ್ ಕೇಬಲ್ಲನ್ನು ಹೊಸದಾಗಿ ಎಳೆದ ಶ್ರಮಕ್ಕೆ ತಕ್ಕದ್ದಲ್ಲ. ಹಳೆಯ ತಾಮ್ರದ ಕೇಬಲ್ಲಿನಲ್ಲೇ 48 ವೋಲ್ಟ್ ಕಳುಹಿಸಿದರೆ ಮೇಲೆ 45.3 ವೋಲ್ಟ್ ತಲುಪುತ್ತದೆ, ಕರೆಂಟ್ 0.35 ಆಂಪಿಯರ್, ನಷ್ಟ 1 ವ್ಯಾಟಿಗೂ ಕಡಿಮೆ. ಕೇಬಲ್ ಸಿಸಿಎ ಎಂದು ತಿಳಿದುಬಂದರೆ ಮಾತ್ರ ಅದನ್ನು ತೆಗೆದುಹಾಕಿ ಶುದ್ಧ ತಾಮ್ರದ, ಬಿಸಿಲು ತಡೆಯುವ ಪಾಲಿಥಿಲೀನ್ ಹೊದಿಕೆಯ, ಲೋಹದ ಕವಚವಿರುವ ಹೊರಾಂಗಣ ಕೇಬಲ್ ಹಾಕಿ.

48 ವೋಲ್ಟಿಗೆ ಹೋಗುವ ಮುನ್ನ ರೇಡಿಯೋದ ಕೈಪಿಡಿಯಲ್ಲಿ ಒಳಬರುವ ವೋಲ್ಟೇಜಿನ ವ್ಯಾಪ್ತಿಯನ್ನು ಓದಲೇಬೇಕು. ಕೇಬಲ್ಲಿನಲ್ಲಿ ಹೇಗೂ ಒಂದಷ್ಟು ಕಳೆದುಹೋಗುತ್ತದೆ, ಹಾಗಾಗಿ ಸ್ವಲ್ಪ ಹೆಚ್ಚೇ ಕಳುಹಿಸಿದರೆ ತೊಂದರೆಯಿಲ್ಲ ಎಂದು ಅನುಭವಿಗಳೂ ಹೇಳುವುದುಂಟು. ಅದು ಅಪಾಯಕಾರಿ ತರ್ಕ. ರೇಡಿಯೋ ಇನ್ನೂ ಚಾಲೂ ಆಗದಿರುವ ಕ್ಷಣದಲ್ಲಿ ಕರೆಂಟ್ ಇಲ್ಲ, ಕುಸಿತವೂ ಇಲ್ಲ. ನೀವು ಮೇಲೆ ಕಂಡ 23.9ರಂತೆಯೇ ಕಳುಹಿಸಿದ ಪೂರ್ಣ ವೋಲ್ಟೇಜ್ ಅದರ ಬಾಗಿಲಿಗೆ ಬಂದು ನಿಲ್ಲುತ್ತದೆ. 24 ವೋಲ್ಟಿಗೆಂದು ಮಾಡಿದ ರೇಡಿಯೋ 48 ವೋಲ್ಟಿನಲ್ಲಿ ಒಮ್ಮೆಗೇ ಸುಡಬಹುದು.

ನೆಟ್‌ವರ್ಕ್ ಕೇಬಲ್ಲಿನಲ್ಲೇ ವಿದ್ಯುತ್ ಕಳುಹಿಸುವುದಕ್ಕೆಂದು ರೂಪಿಸಿದ 802.3ಎಎಫ್ ಅಥವಾ 802.3ಎಟಿ ಮಾನಕವನ್ನು ರೇಡಿಯೋ ಒಪ್ಪುವುದಾದರೆ ದಾರಿ ನೇರ: 24 ವೋಲ್ಟಿನ ಇಂಜೆಕ್ಟರ್ ತೆಗೆದು ಆ ಮಾನಕದ ಇಂಜೆಕ್ಟರ್ ಅಥವಾ ಸ್ವಿಚ್ ಹಾಕುವುದು. 2003ರ ಎಎಫ್ ಮಾನಕ ಕೆಳಗೆ 15.4 ವ್ಯಾಟ್ ಕೊಟ್ಟು ಮೇಲೆ 12.95 ವ್ಯಾಟನ್ನು ಮಾತ್ರ ಖಾತರಿಪಡಿಸುತ್ತದೆ, ಅದು ನಿಮಗೆ ಸಾಲದು. 2009ರ ಎಟಿ ಮಾನಕ 30 ವ್ಯಾಟ್ ಕೊಟ್ಟು 25.5 ವ್ಯಾಟನ್ನು ಖಾತರಿಪಡಿಸುತ್ತದೆ. ನಡುವಿನ 4.5 ವ್ಯಾಟ್ ಎಲ್ಲಿಂದ ಬಂತೆಂದರೆ, 12.5 ಓಮ್ ರೋಧದ ಕೇಬಲ್ಲಿನಲ್ಲಿ 0.6 ಆಂಪಿಯರ್ ಹರಿದಾಗ ಆಗುವ ನಷ್ಟ ಅದು. ಈ ಮಾನಕ ರೂಪಿಸಿದವರು ಕೇಬಲ್ಲಿನ ಕೆಟ್ಟ ಸ್ಥಿತಿಯನ್ನು ಲೆಕ್ಕಕ್ಕೆ ಹಿಡಿದೇ ಸಂಖ್ಯೆಗಳನ್ನು ನಿಗದಿಪಡಿಸಿದ್ದಾರೆ. ಇನ್ನೊಂದು ಅನುಕೂಲವೆಂದರೆ ಮಾನಕದ ಇಂಜೆಕ್ಟರ್ ಮೊದಲು ಕೆಲವೇ ವೋಲ್ಟ್ ಕಳುಹಿಸಿ, ಆಚೆ ತುದಿಯಲ್ಲಿ ಸುಮಾರು 25 ಕಿಲೋ ಓಮಿನ ಗುರುತು ಕಂಡ ಮೇಲಷ್ಟೇ ಪೂರ್ಣ ವೋಲ್ಟೇಜ್ ಬಿಡುತ್ತದೆ. ಸಾದಾ ಇಂಜೆಕ್ಟರುಗಳಿಗೆ ಈ ವಿವೇಚನೆಯಿಲ್ಲ, ಏನು ಸಿಕ್ಕಿಸಿದರೂ ಅದಕ್ಕೆ ವಿದ್ಯುತ್ ತುಂಬುತ್ತವೆ.

ರೇಡಿಯೋ 24 ವೋಲ್ಟ್ ಮಾತ್ರ ಒಪ್ಪುವುದಾದರೆ, ಎಟಿ ಮಾನಕದ ವಿದ್ಯುತ್ತನ್ನು ಮೇಲೆಯೇ 24 ವೋಲ್ಟಿಗೆ ಇಳಿಸುವ ಹೊರಾಂಗಣ ಪರಿವರ್ತಕವನ್ನು ರೇಡಿಯೋದ ಪಕ್ಕದಲ್ಲಿ ಕಟ್ಟಬಹುದು. ಪರಿವರ್ತಕ ಒಂದಷ್ಟು ಶಕ್ತಿಯನ್ನು ತಾನೇ ನುಂಗಿದರೂ 25.5 ವ್ಯಾಟಿನೊಳಗೆ ನಿಮ್ಮ 16 ವ್ಯಾಟ್ ಆರಾಮವಾಗಿ ಹಿಡಿಸುತ್ತದೆ. ಕೊಳ್ಳುವಾಗ ಅದು ಗಿಗಾಬಿಟ್ ವೇಗದ್ದೇ ಎಂದು ನೋಡಿಕೊಳ್ಳಿ. ನೂರು ಮೆಗಾಬಿಟ್ಟಿನವು ಮಾರುಕಟ್ಟೆಯಲ್ಲಿ ಸಾಕಷ್ಟಿವೆ. ನಾಲ್ಕೂ ಜೋಡಿಗಳಲ್ಲಿ 24 ವೋಲ್ಟ್ ಕಳುಹಿಸುವ ಇಂಜೆಕ್ಟರ್ ಮೂರನೆಯ ದಾರಿ. ರೇಡಿಯೋ ಅದನ್ನು ಒಪ್ಪಿದರೆ ರೋಧ 3.8 ಓಮಿಗೆ ಇಳಿದು ಮೇಲೆ 21.1 ವೋಲ್ಟ್ ಸಿಗುತ್ತದೆ. ತುರ್ತಿಗೆ ಇದು ಸಾಕು.

ಕರೆಂಟ್ ಹೋದಾಗ ರೇಡಿಯೋಗಳನ್ನು 24 ವೋಲ್ಟಿನ ಬ್ಯಾಟರಿಯಿಂದ ನೇರವಾಗಿ ನಡೆಸುವ ಯೋಚನೆ ನಿಮಗಿದ್ದರೆ, ಅದಕ್ಕೂ ಇದೇ ಲೆಕ್ಕ ಅನ್ವಯಿಸಿ. ಸೀಸದ ಆಮ್ಲ ಬ್ಯಾಟರಿ ಚಾರ್ಜಿನಲ್ಲಿರುವಾಗ 27 ವೋಲ್ಟ್ ದಾಟುತ್ತದೆ, ಬರಿದಾಗುವ ಹೊತ್ತಿಗೆ 21 ವೋಲ್ಟಿಗೆ ಬರುತ್ತದೆ. 21 ವೋಲ್ಟಿನಲ್ಲಿ ನಿಮ್ಮ ಕೇಬಲ್ ಮೇಲೆ ತಲುಪಿಸಬಲ್ಲ ಗರಿಷ್ಠ ಶಕ್ತಿ 14.5 ವ್ಯಾಟ್. ಅಂದರೆ ಬ್ಯಾಟರಿಯಲ್ಲಿ ಇನ್ನೂ ಸ್ವಲ್ಪ ಉಳಿದಿರುವಾಗಲೇ ರೇಡಿಯೋ ಬೀಳುತ್ತದೆ. 48 ವೋಲ್ಟಿನ ಬ್ಯಾಟರಿ ಸಾಲೂ ಇಳಿಯುತ್ತಾ 44ರ ಆಸುಪಾಸಿಗೆ ಬರುತ್ತದೆ, ಎಟಿ ಮಾನಕ ಕೇಳುವುದು ಕನಿಷ್ಠ 50 ವೋಲ್ಟ್. ಆದ್ದರಿಂದ ನಡುವೆ ವೋಲ್ಟೇಜನ್ನು 54ರ ಹತ್ತಿರ ಸ್ಥಿರವಾಗಿಡುವ ಪರಿವರ್ತಕ ಬೇಕು. ಮೊಬೈಲ್ ಕಂಪನಿಯ ಟವರಿನಲ್ಲಿ ಜಾಗ ಪಡೆದವರು ಇನ್ನೊಂದು ವಿಷಯ ಗಮನಿಸಬೇಕು: ಅಲ್ಲಿನ 48 ವೋಲ್ಟ್ ವ್ಯವಸ್ಥೆಯಲ್ಲಿ ಧನ ತುದಿಯನ್ನು ನೆಲಕ್ಕೆ ಸೇರಿಸಿರುತ್ತಾರೆ. ಒಳಬರುವ ಮತ್ತು ಹೊರಹೋಗುವ ಬದಿಗಳು ಪರಸ್ಪರ ಪ್ರತ್ಯೇಕವಾಗಿರದ ಪರಿವರ್ತಕವನ್ನು ಅಲ್ಲಿ ಬಳಸಿದರೆ ಕೇಬಲ್ಲಿನ ಕವಚದ ಮೂಲಕವೇ ಶಾರ್ಟ್ ಆಗಬಹುದು.

ಒಂದೇ ಕೇಬಲ್, ಮೇಲೊಂದು ಸ್ವಿಚ್ ಎಂಬ ಯೋಚನೆಯನ್ನು ಕೈಬಿಡಿ. ಮೂರು ರೇಡಿಯೋಗಳಿಗೆ 48 ವ್ಯಾಟ್, ಸ್ವಿಚ್ಚಿನ ಸ್ವಂತ ಬಳಕೆ ಮತ್ತು ಪರಿವರ್ತನೆಯ ನಷ್ಟ ಸೇರಿದರೆ, ಇದೇ ಸಾಲಿನ 2018ರ ಬಿಟಿ ಮಾನಕದ 60 ವ್ಯಾಟ್ ಇಂಜೆಕ್ಟರ್ ಮೇಲೆ ಖಾತರಿಪಡಿಸುವ 51 ವ್ಯಾಟ್ ಸಾಲದು. 90 ವ್ಯಾಟಿನದು ಸಾಲುತ್ತದೆ, ಆದರೆ ಒಂದು ಕೊಂಡಿ ಕೆಟ್ಟರೆ ಮೂರೂ ದಿಕ್ಕಿನ ಗ್ರಾಹಕರು ಒಟ್ಟಿಗೆ ಸಂಪರ್ಕ ಕಳೆದುಕೊಳ್ಳುತ್ತಾರೆ. ಮುಂದೆ ರೇಡಿಯೋಗಳ ಸಂಖ್ಯೆ ಹೆಚ್ಚುವುದಾದರೆ ಅಥವಾ ಕೇಬಲ್ 100 ಮೀಟರ್ ದಾಟುವುದಾದರೆ ದತ್ತಾಂಶಕ್ಕೆ ಫೈಬರ್, ವಿದ್ಯುತ್ತಿಗೆ 2.5 ಚದರ ಮಿಲಿಮೀಟರ್ ತಾಮ್ರದ ಎರಡೆಳೆ ಕೇಬಲ್ ಬೇರೆಯಾಗಿ ಎಳೆಯುವುದು ಉತ್ತಮ. 90 ಮೀಟರಿಗೆ ಅದರ ಹೋಗಿಬರುವ ರೋಧ ಒಂದೂವರೆ ಓಮಿಗಿಂತ ಕಡಿಮೆ; 54 ವೋಲ್ಟಿನಲ್ಲಿ 60 ವ್ಯಾಟ್ ಸಾಗಿಸಿದರೂ ಕುಸಿತ 2 ವೋಲ್ಟಿಗಿಂತ ಕಡಿಮೆ. ಫೈಬರಿನ ಮೂಲಕ ಸಿಡಿಲಿನ ಹೊಡೆತ ಕೆಳಗಿನ ಸ್ವಿಚ್ಚಿಗೆ ಬರುವುದಿಲ್ಲ ಎಂಬುದೂ ಸಣ್ಣ ಲಾಭವಲ್ಲ. 230 ವೋಲ್ಟನ್ನು ಮೇಲಕ್ಕೆ ಒಯ್ಯಲು ಯಾರಾದರೂ ಹೇಳಿದರೆ ಒಪ್ಪಬೇಡಿ. ಈ ಮಾನಕಗಳು 57 ವೋಲ್ಟಿಗೆ ನಿಲ್ಲುವುದರಿಂದಲೇ ಟವರ್ ಹತ್ತುವವರು ವಿದ್ಯುದಾಘಾತದ ಭಯವಿಲ್ಲದೆ ಕೆಲಸ ಮಾಡಬಲ್ಲರು.

ಸಿಡಿಲಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳದಿರಲಾರೆ. ಬೆಂಗಳೂರಿನಲ್ಲಿ ಗುಡುಗು ಸಿಡಿಲಿನ ಮಳೆ ಜೋರಾಗುವುದು ಏಪ್ರಿಲ್, ಮೇ ತಿಂಗಳುಗಳಲ್ಲಿ; ನೆಲ ಅತಿ ಹೆಚ್ಚು ಒಣಗಿರುವುದೂ ಆಗಲೇ. ಲಾಲ್‌ಬಾಗಿನಲ್ಲಿ ಹೊರಗೆ ಕಾಣುವ, ನೈಸ್ (gneiss) ಎಂಬ ಗಟ್ಟಿ ಬಂಡೆಯೇ ಈ ನಗರದ ಬಹುಭಾಗದ ಅಡಿಯಲ್ಲೂ ಇದೆ, ಹಲವೆಡೆ ಕೆಲವೇ ಅಡಿ ಅಗೆದರೆ ಸಿಗುತ್ತದೆ. ಒಣ ಮಣ್ಣು, ಕೆಳಗೆ ಬಂಡೆ ಇರುವಲ್ಲಿ ಒಂದೇ ಅರ್ಥ್ ಗುಂಡಿ ಸಾಕಾಗುವುದಿಲ್ಲ. ಟವರಿನ ಸುತ್ತ ಹಲವು ಗುಂಡಿಗಳನ್ನು ತೆಗೆದು ಪಟ್ಟಿಯಿಂದ ಜೋಡಿಸಿ, ಕೋಣೆಯ ಅರ್ಥಿಂಗನ್ನೂ ಅದಕ್ಕೇ ಸೇರಿಸಬೇಕು. ಅರ್ಥಿಂಗ್ ಕುರಿತ ಭಾರತೀಯ ಮಾನಕ ಐಎಸ್ 3043 ಬಲ್ಲ ಎಲೆಕ್ಟ್ರಿಷಿಯನ್ ಕೈಲಿ ಮಾಡಿಸಿ, ಮಾರ್ಚ್ ತಿಂಗಳಲ್ಲಿ ಅಳತೆ ತೆಗೆಸಿ. ಕೇಬಲ್ಲಿನ ಕವಚವನ್ನು ಮೇಲೆ ಟವರಿಗೂ, ಕೆಳಗೆ ಕೋಣೆ ಪ್ರವೇಶಿಸುವ ಮುನ್ನ ಅರ್ಥ್ ಪಟ್ಟಿಗೂ ಸೇರಿಸಿ, ಎರಡೂ ತುದಿಗಳಲ್ಲಿ ಮಾಮೂಲಿ ವಿದ್ಯುತ್ ಹಾದುಹೋಗಲು ಬಿಟ್ಟು ಸಿಡಿಲಿನಂಥ ಹಠಾತ್ ಹೊಡೆತವನ್ನು ನೆಲಕ್ಕೆ ತಿರುಗಿಸುವ ಸರ್ಜ್ ರಕ್ಷಕ ಹಾಕಿ. ಕೋಣೆಯೊಳಗೆ ಹೋಗುವಲ್ಲಿ ಕೇಬಲ್ಲನ್ನು ಒಮ್ಮೆ ಕೆಳಕ್ಕೆ ಬಾಗಿಸಿ ಮೇಲೆತ್ತಿದರೆ ಮಳೆನೀರು ಅಲ್ಲಿಯೇ ತೊಟ್ಟಿಕ್ಕುತ್ತದೆ, ಇಂಜೆಕ್ಟರಿನವರೆಗೆ ಹರಿಯುವುದಿಲ್ಲ.

ಕೆಲಸದ ಕ್ರಮ ಹೀಗಿರಲಿ. ಮೊದಲು ಮೂರೂ ಕೇಬಲ್ಲುಗಳ ಜೋಡಿ ರೋಧ ಅಳೆದು ಬರೆದಿಡಿ. ತೊಂದರೆಯ ಕೇಬಲ್ ಮಾತ್ರ ಹೆಚ್ಚು ತೋರಿಸಿದರೆ ಕೊಂಡಿಗಳನ್ನು ಕತ್ತರಿಸಿ ಹೊಸದಾಗಿ ಒತ್ತಿ, ಮತ್ತೆ ಅಳೆಯಿರಿ. ಅಳತೆ ಇಳಿಯದಿದ್ದರೆ ಕೇಬಲ್ ಬದಲಾಯಿಸಿ. ಮೂರೂ 15 ಓಮಿನ ಹತ್ತಿರವಿದ್ದರೆ ಕೇಬಲ್ ಮುಟ್ಟಬೇಡಿ, ವೋಲ್ಟೇಜ್ ಏರಿಸಿ. ಅಂಚಿನಲ್ಲಿರುವ ಉಳಿದೆರಡೂ ಬಳಕೆ ಹೆಚ್ಚಿದಂತೆ ಇದೇ ದಾರಿ ಹಿಡಿಯುತ್ತವೆ, ಆದ್ದರಿಂದ ಮೂರನ್ನೂ ಒಟ್ಟಿಗೆ ಬದಲಾಯಿಸುವುದು ಲೇಸು. ವಿದ್ಯುತ್ ಹರಿಯುತ್ತಿರುವಾಗ ಕೊಂಡಿ ಕೀಳಬೇಡಿ. ಕಿಡಿ ಹಾರಿ ಅದರ ಚಿನ್ನದ ಲೇಪ ಸುಡುತ್ತದೆ, ಅಲ್ಲಿಂದಲೇ ಹೊಸ ರೋಧ ಹುಟ್ಟುತ್ತದೆ. ಬದಲಾವಣೆಯ ಅವಧಿಯಲ್ಲಿ ಕೋಣೆಯೊಳಗೆ 24 ಮತ್ತು 48 ವೋಲ್ಟಿನ ಇಂಜೆಕ್ಟರುಗಳು ಅಕ್ಕಪಕ್ಕ ಇರುತ್ತವೆ, ನೋಡುವುದಕ್ಕೂ ಒಂದೇ ತೆರನಾಗಿರುತ್ತವೆ. ಪ್ರತಿಯೊಂದರ ಮೇಲೂ ಕೇಬಲ್ಲಿನ ಎರಡೂ ತುದಿಗಳ ಮೇಲೂ ವೋಲ್ಟೇಜನ್ನು ಅಳಿಸದ ಶಾಯಿಯಲ್ಲಿ ದೊಡ್ಡದಾಗಿ ಬರೆಯಿಸಿ. ರಾತ್ರಿ ದೂರು ಬಂದು ಅವಸರದಲ್ಲಿ ಕೋಣೆಗೆ ಬರುವ ಹುಡುಗ ಕೈಪಿಡಿ ತೆರೆದು ನೋಡುವುದಿಲ್ಲ, ಕಣ್ಣೆದುರು ಬರೆದದ್ದನ್ನು ಮಾತ್ರ ನೋಡುತ್ತಾನೆ.